ಹಳೆಯ ಪುಸ್ತಕಕ್ಕೆ ಹೊಸ ಆಯುಸ್ಸು

ಮನೆಯ ಅಟ್ಟದಲ್ಲಿರುವ ಹಳೆಯ ಪುಸ್ತಕವೊಂದನ್ನು ತೆರೆದು ನೋಡಿ. ಹಾಳೆ ಹಳದಿಯಾಗಿರುತ್ತದೆ, ಅಂಚು ಹಪ್ಪಳದಂತೆ ಮುರಿಯುತ್ತದೆ. ಇದೇಕೆ ಹೀಗೆ? ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಿಂದ ಮರದ ತಿರುಳಿನ ಕಾಗದ ಬಳಕೆಗೆ ಬಂತು. ಶಾಯಿ ಹರಡದಿರಲೆಂದು ಅದಕ್ಕೆ ಪಟಿಕ ಮತ್ತು ರಾಳ ಬೆರೆಸುತ್ತಿದ್ದರು. ಪಟಿಕದಿಂದ ಉಂಟಾಗುವ ಆಮ್ಲ ಕಾಗದದ ಸೆಲ್ಯುಲೋಸ್ ಎಳೆಗಳನ್ನು ನಿಧಾನವಾಗಿ ತುಂಡರಿಸುತ್ತದೆ. ಅಂದರೆ, ಗೆದ್ದಲು ಮುಟ್ಟದಿದ್ದರೂ ಪುಸ್ತಕ ತನ್ನೊಳಗಿನಿಂದಲೇ ಸವೆಯುತ್ತದೆ!

ಇಂಥ ಪುಸ್ತಕಗಳನ್ನು ಉಳಿಸಲು ಅಂತರಜಾಲದ ಪುಸ್ತಕಪ್ರಿಯರು ಕಂಡುಕೊಂಡ ಉಪಾಯಗಳು ಸ್ವಾರಸ್ಯಕರವಾಗಿವೆ.

1971ರ ಜುಲೈ 4ರಂದು ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ಮೈಕೆಲ್ ಹಾರ್ಟ್, ತನ್ನ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ದೊಡ್ಡ ಗಣಕಯಂತ್ರವೊಂದರಲ್ಲಿ ಬೆರಳಚ್ಚು ಮಾಡಿ ಇತರರಿಗೂ ಸಿಗುವಂತೆ ಇಟ್ಟ. ಅದೇ 'ಪ್ರಾಜೆಕ್ಟ್ ಗುಟೆನ್‌ಬರ್ಗ್'ನ ಆರಂಭ. ಇಂದು ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳು ಉಚಿತವಾಗಿ ಸಿಗುತ್ತವೆ.

ಇಷ್ಟನ್ನೂ ಕೈಯಿಂದಲೇ ಬೆರಳಚ್ಚು ಮಾಡುವುದು ಸಾಧ್ಯವೇ? ಪುಟದ ಚಿತ್ರ ತೆಗೆದು ಯಂತ್ರದಿಂದಲೇ ಅಕ್ಷರ ಗುರುತಿಸುವ ತಂತ್ರ ಬಂತು. ಆದರೆ ಯಂತ್ರವೂ ಎಡವುತ್ತದೆ. ಇಂಗ್ಲಿಷಿನ 'ಆರ್' ಮತ್ತು 'ಎನ್' ಅಕ್ಷರಗಳು ಒತ್ತಾಗಿ ಅಚ್ಚಾಗಿದ್ದರೆ ಅದಕ್ಕೆ 'ಎಂ' ಆಗಿ ಕಾಣುತ್ತದೆ. 'ಮಾಡರ್ನ್' ಹೋಗಿ 'ಮೋಡೆಮ್' ಆಗುತ್ತದೆ!

ಇದಕ್ಕೆ 2000ದಲ್ಲಿ ಚಾರ್ಲ್ಸ್ ಫ್ರಾಂಕ್ಸ್ ಎಂಬಾತ ಸರಳ ಪರಿಹಾರ ಕಂಡುಕೊಂಡ. ಒಂದು ಪುಸ್ತಕವನ್ನು ಬಿಡಿ ಪುಟಗಳಾಗಿ ನೂರಾರು ಓದುಗರಿಗೆ ಹಂಚುವುದು. ಪ್ರತಿಯೊಬ್ಬರೂ ಪುಟದ ಚಿತ್ರವನ್ನೂ ಯಂತ್ರ ಓದಿದ ಪಠ್ಯವನ್ನೂ ಅಕ್ಕಪಕ್ಕ ಇಟ್ಟುಕೊಂಡು ತಿದ್ದುತ್ತಾರೆ. ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಒಬ್ಬನ ಅಳತೆಯನ್ನು ಮತ್ತೊಬ್ಬ ಪುನಃ ಅಳೆದು ನೋಡುವ ವಿಜ್ಞಾನದ ಕ್ರಮವೂ ಇದೇ ಅಲ್ಲವೇ?

2007ರಲ್ಲಿ ಲೂಯಿ ವಾನ್ ಆನ್ ಮತ್ತು ಸಂಗಡಿಗರು ಇನ್ನೊಂದು ಜಾಣತನ ಮೆರೆದರು. ಜಾಲತಾಣ ಪ್ರವೇಶಿಸುವವರು ಮನುಷ್ಯರೇ ಎಂದು ತಿಳಿಯಲು ಎರಡು ಸೊಟ್ಟ ಪದಗಳನ್ನು ತೋರಿಸಿ ಬರೆಯಲು ಹೇಳುತ್ತಿದ್ದರು. ಒಂದು ಪದದ ಉತ್ತರ ಮೊದಲೇ ಗೊತ್ತಿತ್ತು. ಇನ್ನೊಂದು, ಯಂತ್ರಕ್ಕೆ ಓದಲಾಗದೆ ಉಳಿದ ಪದ. ಮೊದಲನೆಯದು ಸರಿಯಾದರೆ ಎರಡನೆಯದನ್ನೂ ನಂಬಬಹುದು. ಹಲವರು ಅದನ್ನೇ ಬರೆದರೆ ಆ ಪದ ಖಚಿತ. ಹೀಗೆ ಕೋಟ್ಯಂತರ ಜನ ತಮಗೆ ಅರಿವಿಲ್ಲದೆಯೇ ಹಳೆಯ ಪುಸ್ತಕ, ಪತ್ರಿಕೆಗಳನ್ನು ಓದಿಕೊಟ್ಟರು!

ಕನ್ನಡದ ಕೆಲಸ ಇನ್ನೂ ಸೂಕ್ಷ್ಮ. 'ಪ', 'ಷ', 'ಫ'ಗಳ ನಡುವಿನ ವ್ಯತ್ಯಾಸ ಒಂದು ಸಣ್ಣ ಗೆರೆ ಮಾತ್ರ. ಮೇಲೆ ಒತ್ತಕ್ಷರಗಳು ಬೇರೆ. ಕನ್ನಡ ವಿಕಿಸೋರ್ಸ್‌ನಲ್ಲಿ ಈ ಕೆಲಸ ನಡೆದಿದೆ. ಅಲ್ಲಿ ತಿದ್ದದ ಪುಟಕ್ಕೆ ಕೆಂಪು ಗುರುತು, ಒಮ್ಮೆ ತಿದ್ದಿದ್ದಕ್ಕೆ ಹಳದಿ, ಎರಡನೆಯವರೂ ಒಪ್ಪಿದರೆ ಹಸಿರು. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡು 60 ವರ್ಷ ಕಳೆದ ಮೇಲೆ ಅವರ ಕೃತಿ ಎಲ್ಲರ ಸ್ವತ್ತು. 1937ರಲ್ಲಿ ನಿಧನರಾದ ಪಂಜೆ ಮಂಗೇಶರಾಯರ ಬರಹಗಳು ಹಾಗೆ ಮುಕ್ತವಾಗಿವೆ.

ಮಕ್ಕಳು ಸದಾ ಮೊಬೈಲ್ ಹಿಡಿದಿರುತ್ತಾರೆಂದು ದೂರುವ ತಂದೆತಾಯಿಗಳೇ, ರಜೆಯಲ್ಲಿ ಮಕ್ಕಳ ಜೊತೆ ಕುಳಿತು ದಿನಕ್ಕೊಂದು ಪುಟ ತಿದ್ದಿ ನೋಡಿ. ಇದಕ್ಕೆ ಅಂಕ ಸಿಗುವುದಿಲ್ಲ, ನಿಜ. ಆದರೆ ಅಕ್ಷರ ಅಕ್ಷರವನ್ನೂ ಗಮನಿಸಿ ಓದುವ ಅಭ್ಯಾಸ ಬೆಳೆಯುತ್ತದೆ, ಕಾಗುಣಿತ ಸುಧಾರಿಸುತ್ತದೆ. ಜೊತೆಗೆ ಕನ್ನಡದ ಒಂದು ಪುಟ ಪುಡಿಯಾಗುವ ಮುನ್ನ ಉಳಿದುಕೊಳ್ಳುತ್ತದೆ.