ಅಪೂರ್ವ ನಾಣ್ಯಗಳ ಪ್ರಾಮಾಣ್ಯ ಪರೀಕ್ಷೆ ಮತ್ತು ವಿಕ್ರಯ: ಹೊಯ್ಸಳ ಗದ್ಯಾಣದ ಹಿನ್ನೆಲೆಯಲ್ಲಿ

ಕರ್ನಾಟಕದ ಇತಿಹಾಸ ರಚನೆಗೆ ಶಾಸನ, ಸಾಹಿತ್ಯ ಹಾಗೂ ನಾಣ್ಯಗಳು ಮುಖ್ಯ ಆಕರಗಳಾಗಿವೆ. ಇವುಗಳಲ್ಲಿ ಶಿಲಾಶಾಸನವು ಬಹುಮಟ್ಟಿಗೆ ನೆಟ್ಟ ಊರಿನಲ್ಲಿಯೇ ನಿಂತಿರುತ್ತದೆ. ಹಸ್ತಪ್ರತಿಯು ಮಠ, ಬಸದಿ, ಮನೆತನಗಳ ಆಶ್ರಯದಲ್ಲಿ ಉಳಿದು ಬಂದಿರುತ್ತದೆ. ನಾಣ್ಯವಾದರೋ ಕೈಯಿಂದ ಕೈಗೆ ಸಾಗುವುದಕ್ಕಾಗಿಯೇ ಹುಟ್ಟಿದ ವಸ್ತು. ಚಲಾವಣೆ ನಿಂತು ಶತಮಾನಗಳು ಕಳೆದ ಮೇಲೂ ಅದರ ಸಂಚಾರ ನಿಲ್ಲುವುದಿಲ್ಲ. ಸಂಗ್ರಾಹಕರ ನಡುವೆ ಅದು ಮತ್ತೆ ಮಾರಾಟದ ಸರಕಾಗುತ್ತದೆ. ಬೆಲೆ ಏರಿದಂತೆ ನಕಲುಗಳೂ ಹುಟ್ಟುತ್ತವೆ. ಆದುದರಿಂದ ನಾಣ್ಯವೊಂದು ಅಸಲೋ ನಕಲೋ ಎಂಬುದು ಕೊಳ್ಳುವವನ, ಮಾರುವವನ ಪ್ರಶ್ನೆ ಮಾತ್ರವಲ್ಲ, ಅದನ್ನು ಆಕರವಾಗಿ ಬಳಸುವ ಸಂಶೋಧಕನ ಪ್ರಶ್ನೆಯೂ ಹೌದು. ಹೊಯ್ಸಳರ ಚಿನ್ನದ ಗದ್ಯಾಣವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಈ ಪರೀಕ್ಷೆಯ ಕ್ರಮವನ್ನೂ ವಿಕ್ರಯದ ಸಂದರ್ಭದಲ್ಲಿ ಪಾಲಿಸಬೇಕಾದ ಎಚ್ಚರಗಳನ್ನೂ ಇಲ್ಲಿ ವಿವೇಚಿಸಲಾಗಿದೆ.

ಪರೀಕ್ಷೆಯ ಪರಂಪರೆ

ನಾಣ್ಯ ಪರೀಕ್ಷೆ ಇಂದಿನ ಸಂಗ್ರಾಹಕರು ಕಂಡುಕೊಂಡ ವಿದ್ಯೆಯಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಣ್ಯ ಮಾಡಿಸುವ ಲಕ್ಷಣಾಧ್ಯಕ್ಷನೂ ಅದನ್ನು ನೋಡಿ ನಿರ್ಣಯಿಸುವ ರೂಪದರ್ಶಕನೂ ಬೇರೆ ಬೇರೆ ಅಧಿಕಾರಿಗಳು. ಅಲ್ಲಿ ಖೋಟಾ ನಾಣ್ಯಕ್ಕೆ ‘ಕೂಟರೂಪ’ ಎಂಬ ಪರಿಭಾಷೆಯೇ ಇದೆ. ಕನ್ನಡ ಶಾಸನಗಳಲ್ಲಿ ಗದ್ಯಾಣ, ಪಣ, ಹಾಗ, ವೀಸಗಳ ಉಲ್ಲೇಖ ಹೇರಳವಾಗಿದೆ. ಲೊಕ್ಕಿಗುಂಡಿ, ಎಂದರೆ ಇಂದಿನ ಲಕ್ಕುಂಡಿಯ ಕಮ್ಮಟದಿಂದ ಹೊರಬಂದ ನಾಣ್ಯಕ್ಕೆ ‘ಲೊಕ್ಕಿಗದ್ಯಾಣ’ ಎಂಬ ಹೆಸರು ಬಂದಿತು. ದಾನದ ಮೊತ್ತವನ್ನು ಹೇಳುವಾಗ ಕಮ್ಮಟದ ಹೆಸರನ್ನೂ ಕೂಡಿಸಿ ಹೇಳುವ ಈ ರೂಢಿಯ ಹಿಂದೆ ತೂಕ ಹಾಗೂ ಬಣ್ಣಗಳ ಮೇಲಿನ ನಂಬಿಕೆಯ ಪ್ರಶ್ನೆ ಅಡಗಿದೆ.

ಕನ್ನಡದ ವಿದ್ವಾಂಸರಿಗೆ ಇಂಥ ವಿವಾದ ಅಪರಿಚಿತವಲ್ಲ. ಗಂಗರ ತಾಮ್ರಪಟಗಳಲ್ಲಿ ಹಲವನ್ನು ಫ್ಲೀಟ್ ಕೂಟಶಾಸನಗಳೆಂದು ತಳ್ಳಿಹಾಕಿದರೆ, ಬಿ.ಎಲ್. ರೈಸ್ ಅವುಗಳ ಪ್ರಾಮಾಣ್ಯವನ್ನು ಸಮರ್ಥಿಸಿದರು. ಲಿಪಿ, ಭಾಷೆ, ತೇದಿ, ವಂಶಾವಳಿಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದೇ ಆ ಚರ್ಚೆಯ ತಿರುಳು. ನಾಣ್ಯದ ವಿಷಯದಲ್ಲಿಯೂ ಅನುಸರಿಸಬೇಕಾದುದು ಇದೇ ಮಾರ್ಗ.

ಲೇಖದ ಸಾಕ್ಷ್ಯ

ಹೊಯ್ಸಳ ಗದ್ಯಾಣದ ಒಂದು ಮುಖದಲ್ಲಿ ಕೇಸರವುಳ್ಳ ಸಿಂಹದ ಆಕೃತಿಯೂ ಇನ್ನೊಂದು ಮುಖದಲ್ಲಿ ಮೂರು ಸಾಲುಗಳ ಕನ್ನಡ ಲೇಖವೂ ಇರುತ್ತವೆ. ‘ಶ್ರೀ ತಲಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬುವು ಪ್ರಸಿದ್ಧ ಲೇಖಗಳು. ತೂಕ ಸುಮಾರು 4 ಗ್ರಾಂ. ವಾಲ್ಟರ್ ಎಲಿಯಟ್ ಅವರ ದಕ್ಷಿಣ ಭಾರತದ ನಾಣ್ಯಗಳನ್ನು ಕುರಿತ ಗ್ರಂಥದಿಂದ ಮೊದಲ್ಗೊಂಡು 1975ರಲ್ಲಿ ಪ್ರಕಟವಾದ ಎ.ವಿ. ನರಸಿಂಹಮೂರ್ತಿಯವರ ಕರ್ನಾಟಕದ ನಾಣ್ಯಗಳನ್ನು ಕುರಿತ ಇಂಗ್ಲಿಷ್ ಗ್ರಂಥದವರೆಗೆ ಇವುಗಳ ಅಧ್ಯಯನ ನಡೆದು ಬಂದಿದೆ.

ಗಮನಿಸಬೇಕಾದ ಸಂಗತಿಯೆಂದರೆ, ಈ ಲೇಖಗಳಲ್ಲಿ ಅರಸನ ಹೆಸರಿಲ್ಲ. ಇರುವುದು ಬಿರುದು ಮಾತ್ರ. 1116ರ ಸುಮಾರಿಗೆ ತಲಕಾಡನ್ನು ಚೋಳರಿಂದ ಗೆದ್ದವನು ವಿಷ್ಣುವರ್ಧನನೆಂದು ಶಾಸನಗಳಿಂದ ತಿಳಿದಿರುವ ಕಾರಣ ನಾಣ್ಯವನ್ನು ಅವನದೆಂದು ಹೇಳಲಾಗುತ್ತದೆ. ಆದರೆ ಅವನ ಬಳಿಕ ಬಂದ ಅರಸರ ಶಾಸನಗಳಲ್ಲಿಯೂ ಇದೇ ಬಿರುದು ಮುಂದುವರಿದಿದೆ. ಆದುದರಿಂದ ಮಾರಾಟದ ಪಟ್ಟಿಯಲ್ಲಿ ಕಾಣುವ ‘ವಿಷ್ಣುವರ್ಧನನ ನಾಣ್ಯ’ ಎಂಬ ಮಾತು ಶಾಸನಗಳ ಬೆಂಬಲದಿಂದ ಮಾಡಿದ ಊಹೆಯೇ ಹೊರತು ನಾಣ್ಯವೇ ನುಡಿಯುವ ಸತ್ಯವಲ್ಲ.

ವ್ಯಾಕರಣವೂ ಇಲ್ಲಿ ನೆರವಿಗೆ ಬರುತ್ತದೆ. ‘ತಲಕಾಡು’ ಹಾಗೂ ‘ಕೊಂಡ’ ಕೂಡಿದಾಗ ಕಕಾರಕ್ಕೆ ಗಕಾರವು ಆದೇಶವಾಗಿ ‘ತಲಕಾಡುಗೊಂಡ’ ಎಂದಾಗಿದೆ. ಲೇಖವನ್ನು ಅರ್ಥಮಾಡಿಕೊಳ್ಳದೆ ಚಿತ್ರದಂತೆ ನೋಡಿ ಕೆತ್ತಿದವನ ಕೈಯಲ್ಲಿ ಇಂಥ ರೂಪಗಳು ಕೆಡುವ ಸಾಧ್ಯತೆ ಹೆಚ್ಚು: ಗುಣಿತದ ಚಿಹ್ನೆ ಪಕ್ಕದ ಅಕ್ಷರಕ್ಕೆ ಅಂಟಬಹುದು, ಬಿಂದು ಗೆರೆಯಾಗಬಹುದು, ಹನ್ನೆರಡನೆಯ ಶತಮಾನದ ಅಕ್ಷರಗಳ ನಡುವೆ ಇಂದಿನ ಮುದ್ರಣದ ಅಕ್ಷರದ ತಿರುವು ನುಸುಳಬಹುದು. ಪ್ರಾಚೀನ ಕೆತ್ತನೆಗಾರನೂ ತಪ್ಪು ಮಾಡಿರಬಹುದೆಂಬುದು ನಿಜ. ಆದರೆ ಲಿಪಿ ಬಲ್ಲವನ ಅವಸರದ ತಪ್ಪಿಗೂ ಲಿಪಿ ಅರಿಯದವನ ತಪ್ಪಿಗೂ ಇರುವ ಅಂತರವನ್ನು ಹಸ್ತಪ್ರತಿಗಳಲ್ಲಿ ಪಳಗಿದ ಕಣ್ಣು ಗುರುತಿಸಬಲ್ಲುದು.

ಅಚ್ಚು ಮತ್ತು ಲೋಹ

ಸರಿಯಾದ ಲೇಖವಿದ್ದ ಮಾತ್ರಕ್ಕೆ ನಾಣ್ಯ ಅಸಲಿಯಾಗುವುದಿಲ್ಲ. ಅಸಲಿ ನಾಣ್ಯದಿಂದಲೇ ಪಡಿಯಚ್ಚು ತೆಗೆದು ಎರಕ ಹೊಯ್ದರೆ ಲೇಖವೂ ಯಥಾವತ್ತಾಗಿ ಬರುತ್ತದೆ. ಇಂಥಲ್ಲಿ ತಯಾರಿಕೆಯ ಕುರುಹುಗಳನ್ನು ಹುಡುಕಬೇಕಾಗುತ್ತದೆ. ಹೊಯ್ಸಳ ಗದ್ಯಾಣವು ಕೆತ್ತಿದ ಅಚ್ಚುಗಳ ನಡುವೆ ಬಿಲ್ಲೆಯನ್ನಿಟ್ಟು ಸುತ್ತಿಗೆಯಿಂದ ಹೊಡೆದು ಮೂಡಿಸಿದ ನಾಣ್ಯ. ಅದರ ಅಕ್ಷರಗಳ ಅಂಚು ಸಾಮಾನ್ಯವಾಗಿ ಚುರುಕಾಗಿರುತ್ತದೆ. ಪೆಟ್ಟಿಗೆ ಲೋಹ ಹರಡಿದ ಗುರುತು ಕಾಣುತ್ತದೆ. ಎರಕದ ನಕಲಿನಲ್ಲಿ ಅಂಚುಗಳು ಮೊಂಡಾಗಿ, ಮೈಮೇಲೆ ಗಾಳಿಗುಳ್ಳೆಯ ಸಣ್ಣ ಕುಳಿಗಳು, ಸುತ್ತಂಚಿನಲ್ಲಿ ಬೆಸುಗೆಯಂಥ ಗೆರೆ ಅಥವಾ ಅರ ಹಾಕಿದ ಗೀರುಗಳು ಕಾಣಿಸಬಹುದು. ಇನ್ನೊಂದು ಕುರುಹು ಹೆಚ್ಚು ನಂಬತಕ್ಕದ್ದು. ಒಂದೇ ಅಚ್ಚಿನಿಂದ ಬಂದ ಎರಡು ನಾಣ್ಯಗಳ ಲೇಖ ಒಂದೇ ಆಗಿದ್ದರೂ ಅಂಚಿನ ಬಿರುಕು, ಸವೆತ, ಗೀರುಗಳು ಒಂದೇ ಆಗಿರಲಾರವು. ಎರಡು ನಾಣ್ಯಗಳಲ್ಲಿ ಒಂದೇ ಜಾಗದಲ್ಲಿ ಒಂದೇ ಗೀರು ಇದ್ದರೆ ಕನಿಷ್ಠ ಒಂದಾದರೂ ನಕಲು.

ಚಿನ್ನದ ಪರೀಕ್ಷೆಗೆ ಒರೆಗಲ್ಲು ಬಹುಕಾಲದ ಸಾಧನವಾದರೂ ಅಪೂರ್ವ ನಾಣ್ಯಕ್ಕೆ ಅದು ಸಲ್ಲದು. ಪ್ರತಿಯೊಂದು ಒರೆಯೂ ನಾಣ್ಯದ ಮೈಯನ್ನು ಸವೆಸುತ್ತದೆ. ಸಾಪೇಕ್ಷ ಸಾಂದ್ರತೆಯ ಪರೀಕ್ಷೆಯಲ್ಲಿ ಈ ಹಾನಿಯಿಲ್ಲ. ಶುದ್ಧ ಚಿನ್ನದ ಸಾಂದ್ರತೆ 19.3, ಬೆಳ್ಳಿಯದು 10.5, ತಾಮ್ರದ್ದು 8.96. ಗಾಳಿಯಲ್ಲಿ 4.00 ಗ್ರಾಂ ತೂಗುವ ಶುದ್ಧ ಚಿನ್ನ ನೀರಿನಲ್ಲಿ ಸುಮಾರು 3.79 ಗ್ರಾಂ ತೂಗಿದರೆ, ಅದೇ ತೂಕದ ಬೆಳ್ಳಿ 3.62 ಗ್ರಾಂ ತೂಗುತ್ತದೆ. ಮಿಶ್ರ ಚಿನ್ನದ ತೂಕ ಇವೆರಡರ ನಡುವೆ ನಿಲ್ಲುತ್ತದೆ. ಎಕ್ಸ್‌ರೇ ಪ್ರತಿದೀಪ್ತಿ ಯಂತ್ರವು ಲೋಹಗಳ ಪ್ರಮಾಣವನ್ನು ಕ್ಷಣಾರ್ಧದಲ್ಲಿ ತೋರಿಸಿದರೂ ಅದು ಮುಖ್ಯವಾಗಿ ಅಳೆಯುವುದು ಮೇಲ್ಪದರವನ್ನು. ಮುಲಾಮು ಹಾಕಿದ ನಾಣ್ಯದ ಒಳಮೈ ಅದಕ್ಕೆ ನಿಲುಕದೆ ಹೋಗಬಹುದು. ಎಲ್ಲಕ್ಕಿಂತ ಮಿಗಿಲಾಗಿ, ಚಿನ್ನ ಅಸಲಿಯಾಗಿದ್ದು ನಾಣ್ಯ ನಕಲಿಯಾಗಿರುವುದು ಸಾಧ್ಯ. ಆದ್ದರಿಂದ ಲೇಖ, ಅಚ್ಚು, ತೂಕ, ಲೋಹ ಈ ನಾಲ್ಕೂ ಸಾಕ್ಷಿಗಳು ಒಂದೇ ಮಾತನ್ನು ಹೇಳಬೇಕು.

ವಿಕ್ರಯದ ಎಚ್ಚರಗಳು

ಮನೆತನದಲ್ಲಿ ಉಳಿದು ಬಂದ ನಾಣ್ಯವನ್ನು ಮಾರಲು ಹೊರಟವರು ಮೊದಲು ಮಾಡುವ ತಪ್ಪೆಂದರೆ ಅದನ್ನು ತೊಳೆಯುವುದು. ಹುಣಸೆಹಣ್ಣು, ಬೂದಿಗಳಿಂದ ಉಜ್ಜಿದಾಗ ತಾಮ್ರದ ನಾಣ್ಯದ ಮೇಲೆ ಶತಮಾನಗಳಿಂದ ಕೂಡಿದ ಪದರ ಅಳಿಯುತ್ತದೆ. ಬೆಲೆಯೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಎರಡನೆಯ ತಪ್ಪು ತೂಕಕ್ಕೆ ಮಾರುವುದು. ಅಕ್ಕಸಾಲೆಯ ಕುಲುಮೆ ಸೇರಿದ ಗದ್ಯಾಣದಿಂದ 4 ಗ್ರಾಂ ಲೋಹ ಉಳಿಯುತ್ತದೆ, ಲೇಖ ಉಳಿಯುವುದಿಲ್ಲ.

ಕಾನೂನಿನ ಅರಿವೂ ಅಗತ್ಯ. ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸುವುದು ಕಡ್ಡಾಯವೆಂದು 1878ರ ಭಾರತೀಯ ನಿಧಿ ಕಾಯಿದೆ ವಿಧಿಸಿತು. ಕರ್ನಾಟಕದಲ್ಲಿ 1962ರ ಕಾಯಿದೆಯೂ ಇದೆ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯ ಪುರಾವಸ್ತುವೆನಿಸುತ್ತದೆ. ಅಂಥವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಖಾಸಗಿ ವ್ಯಕ್ತಿಗಳು ಅವನ್ನು ದೇಶದಿಂದ ಹೊರಗೆ ಕಳುಹಿಸುವಂತಿಲ್ಲ.

ಇನ್ನು ವಂಚನೆಯ ಮಾತು. ದೇವತೆಗಳ ಚಿತ್ರದ ಜೊತೆಗೆ ಈಸ್ಟ್ ಇಂಡಿಯಾ ಕಂಪನಿಯ ಹೆಸರೂ 1616, 1717ರಂಥ ಇಸವಿಗಳೂ ಇರುವ ‘ಆಣೆ’ಗಳು ಲಕ್ಷಗಳ ಬೆಲೆಯ ಆಸೆ ತೋರಿಸಿ ಮಾರಾಟಕ್ಕೆ ಬರುತ್ತವೆ. ಕಂಪನಿಯ ಆಡಳಿತ ಪ್ರದೇಶಕ್ಕೆಲ್ಲ ಏಕರೂಪದ ನಾಣ್ಯ ಬಂದುದೇ 1835ರಲ್ಲಿ ಎಂಬ ಒಂದು ಸಂಗತಿ ತಿಳಿದಿದ್ದರೆ ಸಂಶಯ ಮೂಡಲು ಸಾಕು. ಅಕ್ಕಿ ಸೆಳೆಯುವ ಶಕ್ತಿಯುಳ್ಳದ್ದೆಂದು ತಾಮ್ರದ ನಾಣ್ಯವನ್ನು ತೋರಿಸಿ ಹಣ ದೋಚುವ ಜಾಲಗಳೂ ಇವೆ. ಹಳೆಯ ನಾಣ್ಯ, ನೋಟುಗಳ ಮಾರಾಟಕ್ಕೆ ತನ್ನ ಹೆಸರಿನಲ್ಲಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬಾರದೆಂದು ಭಾರತೀಯ ರಿಸರ್ವ್ ಬ್ಯಾಂಕು 2021ರ ಆಗಸ್ಟ್‌ನಲ್ಲಿ ಸಾರ್ವಜನಿಕರನ್ನು ಎಚ್ಚರಿಸಿತು. ಮಾರುವವನಿಂದಲೇ ಮುಂಗಡ ಹಣ ಕೇಳುವ ಖರೀದಿದಾರನ ಉದ್ದೇಶ ನಾಣ್ಯದ ಖರೀದಿಯಲ್ಲ.

ನಾಣ್ಯವನ್ನು ಕೈಬಿಡುವ ಮುನ್ನ ಎರಡೂ ಮುಖಗಳ ಹಾಗೂ ಅಂಚಿನ ಛಾಯಾಚಿತ್ರ, ತೂಕ, ಅಳತೆ, ಅದು ಮನೆಗೆ ಬಂದ ಬಗೆ, ದೊರೆತ ಊರು ಇವುಗಳನ್ನು ಬರೆದಿಡಬೇಕು. ಪ್ರಕಟಿತ ಸೂಚಿಗಳೊಂದಿಗೆ ಹೋಲಿಸಿ, ಕೊಳ್ಳುವ ಆಸಕ್ತಿಯಿಲ್ಲದ ತಜ್ಞರಿಬ್ಬರ ಅಭಿಪ್ರಾಯ ಪಡೆಯುವುದು ಲೇಸು. ಇದು ಮಾರುವವನಿಗೆ ನ್ಯಾಯವಾದ ಬೆಲೆಯನ್ನೂ ಸಂಶೋಧಕನಿಗೆ ಉಳಿಯುವ ಆಕರವನ್ನೂ ಒದಗಿಸುತ್ತದೆ.

ಒಟ್ಟಿನಲ್ಲಿ, ನಾಣ್ಯದ ಪ್ರಾಮಾಣ್ಯ ನಿರ್ಣಯದಲ್ಲಿ ಸರಾಫನ ತಕ್ಕಡಿಯಷ್ಟೇ ಲಿಪಿ ಬಲ್ಲವನ ಕಣ್ಣಿಗೂ ಸ್ಥಾನವಿದೆ. ಆದರೆ ದೊರೆತ ಸ್ಥಳದ ದಾಖಲೆಯಿಲ್ಲದೆ ಮಾರಾಟವಾದ ನಾಣ್ಯವು ಅಸಲಿಯೇ ಆಗಿದ್ದರೂ ತನ್ನ ಕಾಲವನ್ನು ಹೇಳಬಲ್ಲುದೇ ಹೊರತು ಎಲ್ಲಿ ಚಲಾವಣೆಗೊಂಡಿತ್ತು, ಯಾವುದರೊಡನೆ ಹೂಳಲ್ಪಟ್ಟಿತ್ತು ಎಂಬುದನ್ನು ಹೇಳಲಾರದು. ತಮ್ಮ ಊರಿನ ಮನೆಗಳಲ್ಲಿ ಉಳಿದಿರುವ ನಾಣ್ಯಗಳನ್ನು, ಅವು ಮಾರಾಟವಾಗುವ ಮೊದಲೇ, ಓದಿ ದಾಖಲಿಸುವ ಕೆಲಸವನ್ನು ಕನ್ನಡ ಅಧ್ಯಾಪಕರು ಕೈಗೆತ್ತಿಕೊಂಡರೆ ಈ ನಷ್ಟವನ್ನು ಸಾಕಷ್ಟು ಮಟ್ಟಿಗೆ ತಡೆಯಲು ಸಾಧ್ಯವಾಗುತ್ತದೆ.