ಆಫ್ರಿಕದ ಮಾನವೀಯ ನೆರವಿಗಾಗಿ ಸಂಗೀತಗಾರರ ಅಭಿಯಾನಗಳು

ಬರ, ಯುದ್ಧ, ಸಾಂಕ್ರಾಮಿಕ ರೋಗ ಮೊದಲಾದ ವಿಪತ್ತುಗಳಿಗೆ ತುತ್ತಾದ ಆಫ್ರಿಕ ಖಂಡದ ಜನರ ಪರಿಹಾರಕ್ಕಾಗಿ ಸಂಗೀತಗಾರರು ಹಾಡು, ಸಂಗೀತ ಕಾರ್ಯಕ್ರಮ ಮತ್ತು ಚಲನಚಿತ್ರಗಳ ಮೂಲಕ ಅನೇಕ ಅಭಿಯಾನಗಳನ್ನು ನಡೆಸಿದ್ದಾರೆ. ಇವುಗಳಲ್ಲಿ 1984–85ರ ಇಥಿಯೋಪಿಯದ ಕ್ಷಾಮದ ಸಂದರ್ಭದಲ್ಲಿ ಹುಟ್ಟಿಕೊಂಡ 'ಬ್ಯಾಂಡ್ ಏಡ್', 'ಯುಎಸ್‌ಎ ಫಾರ್ ಆಫ್ರಿಕ' ಮತ್ತು 'ಲೈವ್ ಏಡ್' ಅತ್ಯಂತ ಪ್ರಸಿದ್ಧವಾದವು. ಸರ್ಕಾರಗಳು ನಿಧಾನವಾಗಿದ್ದ ಕಾಲದಲ್ಲಿ ಈ ಪ್ರಯತ್ನಗಳು ಅಲ್ಪಾವಧಿಯಲ್ಲಿ ಅಪಾರ ಹಣವನ್ನೂ ಜಗತ್ತಿನ ಗಮನವನ್ನೂ ಒಟ್ಟುಗೂಡಿಸಿದವು. ಅದೇ ವೇಳೆಗೆ, ಹಸಿದವರ ಪರವಾಗಿ ಯಾರು ಮಾತನಾಡಬೇಕು, ಹಸಿವಿನ ಕಾರಣಗಳನ್ನು ಜನರಿಗೆ ಹೇಗೆ ವಿವರಿಸಬೇಕು ಎಂಬ ಪ್ರಶ್ನೆಗಳನ್ನೂ ಎತ್ತಿದವು. ಈ ಪ್ರಶ್ನೆಗಳ ಮೇಲಿನ ಚರ್ಚೆ ಇಂದಿಗೂ ಮುಂದುವರಿದಿದೆ.

ಪೂರ್ವನಿದರ್ಶನ

ಇಂತಹ ಬೃಹತ್ ಸಂಗೀತ ಕಾರ್ಯಕ್ರಮಗಳಿಗೆ ಮಾದರಿಯಾದುದು 'ಕನ್ಸರ್ಟ್ ಫಾರ್ ಬಾಂಗ್ಲಾದೇಶ್'. ಸಿತಾರ್ ವಾದಕ ಪಂಡಿತ್ ರವಿಶಂಕರ್ ಅವರ ಕೋರಿಕೆಯಂತೆ ಬೀಟಲ್ಸ್ ತಂಡದಲ್ಲಿದ್ದ ಜಾರ್ಜ್ ಹ್ಯಾರಿಸನ್ 1971ರ ಆಗಸ್ಟ್ 1ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಇದನ್ನು ಏರ್ಪಡಿಸಿದರು. ರವಿಶಂಕರ್ ಅವರೊಂದಿಗೆ ಸರೋದ್ ವಾದಕ ಅಲಿ ಅಕ್ಬರ್ ಖಾನ್, ತಬಲಾ ವಾದಕ ಅಲ್ಲಾ ರಖಾ ನುಡಿಸಿದರು. ಕಾರ್ಯಕ್ರಮದ ಧ್ವನಿಮುದ್ರಿಕೆಯೂ ಚಲನಚಿತ್ರವೂ ಅನಂತರ ಬಿಡುಗಡೆಯಾದವು. ಆದರೆ ತೆರಿಗೆ ವಿನಾಯಿತಿಗೆ ಅಗತ್ಯವಾದ ವ್ಯವಸ್ಥೆಯನ್ನು ಮೊದಲೇ ಮಾಡಿಕೊಂಡಿರಲಿಲ್ಲ. ಇದರಿಂದ ಸಂಗ್ರಹವಾದ ಹಣದ ಬಹುಪಾಲು ಅಮೆರಿಕದ ತೆರಿಗೆ ಇಲಾಖೆಯ ವಿಚಾರಣೆಯಲ್ಲಿ ಹಲವು ವರ್ಷ ಸಿಲುಕಿಕೊಂಡಿತು. ಹಣ ಕೂಡಿಸುವುದು ಒಂದು ಕೆಲಸ, ಅದನ್ನು ಸಕಾಲದಲ್ಲಿ ಸಂತ್ರಸ್ತರಿಗೆ ಮುಟ್ಟಿಸುವುದು ಇನ್ನೊಂದು ಕೆಲಸ ಎಂಬ ಪಾಠ ಈ ಅನುಭವದಲ್ಲಿದೆ.

ಇಥಿಯೋಪಿಯದ ಕ್ಷಾಮ

1983–85ರ ಅವಧಿಯಲ್ಲಿ ಇಥಿಯೋಪಿಯದ ಉತ್ತರ ಭಾಗದ ತಿಗ್ರಾಯ್ ಮತ್ತು ವೊಲ್ಲೊ ಪ್ರಾಂತಗಳು ಹಾಗೂ ಆಗ ಇಥಿಯೋಪಿಯಕ್ಕೆ ಸೇರಿದ್ದ ಎರಿಟ್ರಿಯ ಭೀಕರ ಕ್ಷಾಮಕ್ಕೆ ಗುರಿಯಾದವು. ಮೃತರ ಸಂಖ್ಯೆಯ ಅಂದಾಜುಗಳು ನಾಲ್ಕು ಲಕ್ಷದಿಂದ ಹತ್ತು ಲಕ್ಷದವರೆಗೆ ಇವೆ. ಮಳೆಯ ಅಭಾವ ಕಾರಣಗಳಲ್ಲಿ ಒಂದು ಮಾತ್ರ. ಮೆಂಗಿಸ್ತು ಹೈಲೆ ಮರಿಯಮ್ ನೇತೃತ್ವದ 'ಡರ್ಗ್' ಎಂಬ ಸೈನಿಕ ಸರ್ಕಾರವು ತಿಗ್ರಾಯ್ ಮತ್ತು ಎರಿಟ್ರಿಯದ ಬಂಡುಕೋರರೊಡನೆ ಯುದ್ಧ ನಡೆಸುತ್ತಿತ್ತು. ಬಂಡುಕೋರರ ಪ್ರದೇಶಗಳಲ್ಲಿ ಸೈನಿಕ ಕಾರ್ಯಾಚರಣೆಯಿಂದ ಬೇಸಾಯ ಕೆಟ್ಟಿತು; ಸಂತೆಗಳು ನಿಂತವು; ಧಾನ್ಯ ಸಾಗಣೆಗೆ ಅಡ್ಡಿಯಾಯಿತು. 1984ರ ಸೆಪ್ಟೆಂಬರಿನಲ್ಲಿ ರಾಜಧಾನಿ ಅಡಿಸ್ ಅಬಾಬದಲ್ಲಿ ಕ್ರಾಂತಿಯ ದಶಮಾನೋತ್ಸವವು ಅದ್ದೂರಿಯಾಗಿ ನಡೆದಾಗ, ಉತ್ತರದ ಕ್ಷಾಮಪೀಡಿತ ಪ್ರದೇಶಗಳಿಗೆ ವಿದೇಶಿ ಪತ್ರಕರ್ತರ ಪ್ರವೇಶವನ್ನು ಸರ್ಕಾರ ನಿರ್ಬಂಧಿಸಿತ್ತು.

ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ ಅವರು 1981ರಲ್ಲಿ ಪ್ರಕಟಿಸಿದ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಗ್ರಂಥದಲ್ಲಿ 1943ರ ಬಂಗಾಳದ ಕ್ಷಾಮದೊಂದಿಗೆ, 1970ರ ದಶಕದ ಆರಂಭದಲ್ಲಿ ವೊಲ್ಲೊ ಪ್ರಾಂತದಲ್ಲಿ ಸಂಭವಿಸಿದ ಹಿಂದಿನ ಕ್ಷಾಮವನ್ನೂ ವಿಶ್ಲೇಷಿಸಿದ್ದರು. ನಾಡಿನಲ್ಲಿ ಆಹಾರವೇ ಇಲ್ಲದಿರುವುದರಿಂದಲ್ಲ, ಇರುವ ಆಹಾರವನ್ನು ಪಡೆಯುವ ಸಾಮರ್ಥ್ಯವನ್ನು ಜನರು ಕಳೆದುಕೊಳ್ಳುವುದರಿಂದಲೂ ಕ್ಷಾಮ ಉಂಟಾಗುತ್ತದೆ ಎಂಬುದು ಅವರ ಪ್ರತಿಪಾದನೆ. 1984ರ ಹಾಡುಗಳಲ್ಲಿ ಈ ತಿಳಿವಳಿಕೆ ಕಾಣುವುದಿಲ್ಲ.

ಕೊರೆಮ್‌ನ ದೃಶ್ಯಗಳು

ಇಥಿಯೋಪಿಯದ ಇತಿಹಾಸದಲ್ಲಿ ಕ್ಷಾಮದ ಚಲನಚಿತ್ರಕ್ಕೆ ಅದಾಗಲೇ ಒಂದು ಸ್ಥಾನವಿತ್ತು. ಬ್ರಿಟಿಷ್ ಪತ್ರಕರ್ತ ಜೊನಾಥನ್ ಡಿಂಬಲ್ಬಿ 1973ರಲ್ಲಿ ಹಿಂದಿನ ಕ್ಷಾಮವನ್ನು ಕುರಿತು ಸಾಕ್ಷ್ಯಚಿತ್ರವೊಂದನ್ನು ತಯಾರಿಸಿದ್ದರು. ಮರುವರ್ಷ ಚಕ್ರವರ್ತಿ ಹೈಲೆ ಸೆಲಾಸಿಯನ್ನು ಪದಚ್ಯುತಗೊಳಿಸುವ ಮುನ್ನ ಸೈನಿಕ ಅಧಿಕಾರಿಗಳು ಆ ಚಿತ್ರದ ನಡುನಡುವೆ ಅರಮನೆಯ ವೈಭವದ ದೃಶ್ಯಗಳನ್ನು ಸೇರಿಸಿ ದೇಶದ ದೂರದರ್ಶನದಲ್ಲಿ ತೋರಿಸಿದರು. ಹಾಗೆ ಅಧಿಕಾರಕ್ಕೆ ಬಂದವರೇ ಹತ್ತು ವರ್ಷಗಳ ಬಳಿಕ ತಮ್ಮ ಕಾಲದ ಕ್ಷಾಮವನ್ನು ಮರೆಮಾಚಲು ಯತ್ನಿಸಿದರು.

1984ರ ಅಕ್ಟೋಬರ್ 23ರಂದು ಬಿಬಿಸಿಯು ವೊಲ್ಲೊ ಪ್ರಾಂತದ ಕೊರೆಮ್ ಪಟ್ಟಣದ ನಿರಾಶ್ರಿತರ ಶಿಬಿರದಿಂದ ಬಂದ ವರದಿಯೊಂದನ್ನು ಪ್ರಸಾರ ಮಾಡಿತು. ವರದಿಗಾರರು ಮೈಕೆಲ್ ಬರ್ಕ್. ಛಾಯಾಗ್ರಾಹಕರು ಮೊಹಮದ್ ಅಮೀನ್. ನಸುಕಿನ ಚಳಿಯಲ್ಲಿ ಸಾವಿರಾರು ಜನ ನೆಲದ ಮೇಲೆ ಮುದುಡಿ ಕುಳಿತಿದ್ದ ಆ ದೃಶ್ಯಗಳನ್ನು ನಾನೂರಕ್ಕೂ ಹೆಚ್ಚು ದೂರದರ್ಶನ ಕೇಂದ್ರಗಳು ಪ್ರಸಾರ ಮಾಡಿದವು. ಪಂಜಾಬಿ ಮೂಲದ ಕುಟುಂಬಕ್ಕೆ ಸೇರಿದ ಅಮೀನ್ ಹುಟ್ಟಿದ್ದು ಕೀನ್ಯಾದ ನೈರೋಬಿಯಲ್ಲಿ. 1991ರಲ್ಲಿ ಅಡಿಸ್ ಅಬಾಬದಲ್ಲಿ ಮದ್ದುಗುಂಡುಗಳ ಉಗ್ರಾಣ ಸ್ಫೋಟಗೊಂಡಾಗ ಅವರು ಎಡಗೈಯನ್ನು ಕಳೆದುಕೊಂಡರು. ಕೃತಕ ಕೈ ಅಳವಡಿಸಿಕೊಂಡು ವೃತ್ತಿಗೆ ಮರಳಿದರು. 1996ರ ನವೆಂಬರಿನಲ್ಲಿ ಅಪಹರಣಕ್ಕೊಳಗಾದ ಇಥಿಯೋಪಿಯದ ವಿಮಾನವು ಕೊಮೊರೊಸ್ ದ್ವೀಪಗಳ ಬಳಿ ಸಮುದ್ರಕ್ಕೆ ಬಿದ್ದಾಗ ಮೃತಪಟ್ಟವರಲ್ಲಿ ಅವರೂ ಒಬ್ಬರು. ಈ ಲೇಖನದಲ್ಲಿ ಮುಂದೆ ವಿವರಿಸಿರುವ 1984–85ರ ಅಭಿಯಾನಗಳಿಗೆ ಪ್ರೇರಣೆ ನೀಡಿದ್ದು ಅವರು ಸೆರೆಹಿಡಿದ ಈ ದೃಶ್ಯಗಳು.

ಬ್ಯಾಂಡ್ ಏಡ್

ಈ ವರದಿಯನ್ನು ಕಂಡ ಐರ್ಲೆಂಡಿನ ಗಾಯಕ ಬಾಬ್ ಗೆಲ್ಡಾಫ್, ಸ್ಕಾಟ್ಲೆಂಡಿನ ಸಂಗೀತಗಾರ ಮಿಜ್ ಯೂರ್ ಅವರೊಡಗೂಡಿ 'ಡು ದೆ ನೋ ಇಟ್ಸ್ ಕ್ರಿಸ್‌ಮಸ್?' ಎಂಬ ಹಾಡನ್ನು ರಚಿಸಿದರು. ಬ್ರಿಟನ್ ಮತ್ತು ಐರ್ಲೆಂಡಿನ ಜನಪ್ರಿಯ ಗಾಯಕರು 1984ರ ನವೆಂಬರ್ 25ರಂದು ಲಂಡನ್ನಿನಲ್ಲಿ ಒಟ್ಟುಸೇರಿ ಇದನ್ನು ಹಾಡಿದರು. ತಂಡದ ಹೆಸರಿನಲ್ಲಿ ವಾದ್ಯವೃಂದದ ನೆರವು ಎಂಬ ಅರ್ಥವೂ, ಗಾಯಕ್ಕೆ ಅಂಟಿಸುವ ಪಟ್ಟಿ ಎಂಬ ಅರ್ಥವೂ ಸೇರಿವೆ.

ಡಿಸೆಂಬರಿನಲ್ಲಿ ಬಿಡುಗಡೆಯಾದ ಧ್ವನಿಮುದ್ರಿಕೆಯು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಐದು ವಾರ ಮೊದಲ ಸ್ಥಾನದಲ್ಲಿತ್ತು. ಆ ದೇಶದಲ್ಲೇ ಮೂವತ್ತು ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಮಾರ್ಗರೆಟ್ ಥ್ಯಾಚರ್ ನೇತೃತ್ವದ ಸರ್ಕಾರವು ಇದರ ಮೇಲಿನ ಮಾರಾಟ ತೆರಿಗೆಯನ್ನು ಬಿಟ್ಟುಕೊಡಲು ಮೊದಲು ಒಪ್ಪಲಿಲ್ಲ. ಸಾರ್ವಜನಿಕರ ಒತ್ತಾಯ ಹೆಚ್ಚಿದಾಗ ತೆರಿಗೆಗೆ ಸಮನಾದ ಮೊತ್ತವನ್ನು ಪರಿಹಾರ ನಿಧಿಗೆ ಹಿಂದಿರುಗಿಸಿತು.

ಯುಎಸ್‌ಎ ಫಾರ್ ಆಫ್ರಿಕ

ಬ್ಯಾಂಡ್ ಏಡ್‌ನ ಯಶಸ್ಸು ಅಮೆರಿಕದ ಕಲಾವಿದರನ್ನು ಪ್ರೇರೇಪಿಸಿತು. ಕಪ್ಪುಜನರ ನಾಗರಿಕ ಹಕ್ಕುಗಳ ಹೋರಾಟದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಒಡನಾಡಿಯಾಗಿದ್ದ ಗಾಯಕ ಹ್ಯಾರಿ ಬೆಲಫಾಂಟೆ ಇದಕ್ಕೆ ಚಾಲನೆ ನೀಡಿದರು. ಮೈಕೆಲ್ ಜಾಕ್ಸನ್ ಮತ್ತು ಲಯೊನೆಲ್ ರಿಚಿ ರಚಿಸಿದ 'ವಿ ಆರ್ ದ ವರ್ಲ್ಡ್' ಹಾಡಿನ ಮುದ್ರಣವು ಕ್ವಿನ್ಸಿ ಜೋನ್ಸ್ ನಿರ್ದೇಶನದಲ್ಲಿ 1985ರ ಜನವರಿ 28ರ ರಾತ್ರಿ ಆರಂಭವಾಗಿ ಮರುದಿನ ಬೆಳಗಿನವರೆಗೆ ಲಾಸ್ ಏಂಜಲಿಸ್‌ನಲ್ಲಿ ನಡೆಯಿತು. ನಲವತ್ತಕ್ಕೂ ಹೆಚ್ಚು ಗಾಯಕರು ಭಾಗವಹಿಸಿದ್ದರು. ಅಹಂಕಾರವನ್ನು ಬಾಗಿಲ ಹೊರಗೆ ಬಿಟ್ಟು ಬರಬೇಕೆಂಬ ಸೂಚನೆಯನ್ನು ಜೋನ್ಸ್ ಅಲ್ಲಿ ತೂಗುಹಾಕಿಸಿದ್ದರು.

ಆ ರಾತ್ರಿಯ ಒಂದು ಪ್ರಸಂಗ ಗಮನಾರ್ಹವಾದುದು. ಹಾಡಿನಲ್ಲಿ ಸ್ವಾಹಿಲಿ ಭಾಷೆಯ ಸಾಲೊಂದನ್ನು ಸೇರಿಸಬೇಕೆಂದು ಸ್ಟೀವಿ ವಂಡರ್ ಸೂಚಿಸಿದರು. ಇಥಿಯೋಪಿಯದ ಜನರು ಸ್ವಾಹಿಲಿ ಆಡುವುದಿಲ್ಲವೆಂಬುದನ್ನು ತಿಳಿಸಿದ ಮೇಲೆ ಆ ಸಲಹೆಯನ್ನು ಕೈಬಿಡಲಾಯಿತು. ಇಥಿಯೋಪಿಯದಲ್ಲಿ ಅಂಹಾರಿಕ್, ಒರೊಮೊ, ತಿಗ್ರಿನ್ಯ ಮೊದಲಾದ ಹಲವು ಭಾಷೆಗಳು ಬಳಕೆಯಲ್ಲಿವೆ. ನೆರವು ನೀಡಲು ಬಂದವರ ಸದುದ್ದೇಶಕ್ಕೂ ನೆರವು ಪಡೆಯುವವರ ಬಗೆಗಿನ ಅವರ ತಿಳಿವಳಿಕೆಗೂ ಎಷ್ಟು ಅಂತರವಿತ್ತೆಂಬುದನ್ನು ಈ ಪ್ರಸಂಗ ತೋರಿಸುತ್ತದೆ. ಹಾಡು ಮತ್ತು ಅದಕ್ಕೆ ಸಂಬಂಧಿಸಿದ ಮಾರಾಟದಿಂದ ಆರು ಕೋಟಿಗೂ ಹೆಚ್ಚು ಡಾಲರುಗಳು ಸಂಗ್ರಹವಾದವು. ಆ ರಾತ್ರಿಯನ್ನು ಕುರಿತ 'ದ ಗ್ರೇಟೆಸ್ಟ್ ನೈಟ್ ಇನ್ ಪಾಪ್' ಎಂಬ ಸಾಕ್ಷ್ಯಚಿತ್ರ 2024ರಲ್ಲಿ ಬಿಡುಗಡೆಯಾಯಿತು.

ಲೈವ್ ಏಡ್

1985ರ ಜುಲೈ 13ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣ ಮತ್ತು ಅಮೆರಿಕದ ಫಿಲಡೆಲ್ಫಿಯದ ಜಾನ್ ಎಫ್. ಕೆನಡಿ ಕ್ರೀಡಾಂಗಣಗಳಲ್ಲಿ ಏಕಕಾಲಕ್ಕೆ ಲೈವ್ ಏಡ್ ನಡೆಯಿತು. ಸುಮಾರು ಹದಿನಾರು ಗಂಟೆಗಳ ಈ ಕಾರ್ಯಕ್ರಮವು ಉಪಗ್ರಹಗಳ ಮೂಲಕ ಅನೇಕ ದೇಶಗಳಿಗೆ ನೇರವಾಗಿ ಪ್ರಸಾರವಾಯಿತು.

ಅಂದು ವೆಂಬ್ಲಿಯಲ್ಲಿ ಗಾಯಕ ಡೇವಿಡ್ ಬೋವಿ ತಮ್ಮ ಹಾಡುಗಳಲ್ಲಿ ಒಂದನ್ನು ಬಿಟ್ಟುಕೊಟ್ಟು, ಆ ಸಮಯದಲ್ಲಿ ಕೆನಡದ ಸಿಬಿಸಿ ಸಂಸ್ಥೆ ಸಿದ್ಧಪಡಿಸಿದ್ದ ಕಿರುಚಿತ್ರವೊಂದನ್ನು ತೋರಿಸುವಂತೆ ಮಾಡಿದರು. ಕ್ಷಾಮದ ಶಿಬಿರದ ಮಕ್ಕಳ ದೃಶ್ಯಗಳಿಗೆ 'ದ ಕಾರ್ಸ್' ತಂಡದ 'ಡ್ರೈವ್' ಎಂಬ ಹಾಡನ್ನು ಹೊಂದಿಸಲಾಗಿತ್ತು. ಮೂಲತಃ ಕ್ಷಾಮಕ್ಕೆ ಸಂಬಂಧವೇ ಇಲ್ಲದ ಆ ಹಾಡು ಈ ದೃಶ್ಯಗಳೊಂದಿಗೆ ಸೇರಿದಾಗ ಬೇರೆಯೇ ಅರ್ಥವನ್ನು ಪಡೆಯಿತು. ಹಾಡು ಮತ್ತು ಚಿತ್ರ ಕೂಡಿ ಜನರ ಮನಸ್ಸನ್ನು ಕಲಕಬಲ್ಲವೆಂಬುದಕ್ಕೆ ಇದನ್ನು ಉದಾಹರಣೆಯಾಗಿ ನೀಡಲಾಗುತ್ತದೆ. ಆ ಚಿತ್ರದಲ್ಲಿ ಸಾವಿನ ಅಂಚಿನಲ್ಲಿದ್ದಂತೆ ಕಂಡ ಬಾಲಕಿ ಬಿರ್ಹಾನ್ ವೊಲ್ದು ಬದುಕುಳಿದಳು. 2005ರ ಜುಲೈ 2ರಂದು ಲಂಡನ್ನಿನ ಹೈಡ್ ಪಾರ್ಕ್‌ನಲ್ಲಿ ನಡೆದ 'ಲೈವ್ 8' ಕಾರ್ಯಕ್ರಮದ ವೇದಿಕೆಯ ಮೇಲೆ ಆಕೆ ಯುವತಿಯಾಗಿ ಕಾಣಿಸಿಕೊಂಡರು.

ಹಣದ ವಿನಿಯೋಗ

ಬ್ಯಾಂಡ್ ಏಡ್ ದತ್ತಿನಿಧಿಯು ಹದಿನಾಲ್ಕು ಕೋಟಿಗೂ ಹೆಚ್ಚು ಪೌಂಡುಗಳನ್ನು ಸಂಗ್ರಹಿಸಿತು. ಇಥಿಯೋಪಿಯವಲ್ಲದೆ ಸುಡಾನ್, ಚಾಡ್, ಮಾಲಿ ಮೊದಲಾದ ದೇಶಗಳಿಗೂ ಇದರಿಂದ ನೆರವು ದೊರೆಯಿತು. ಬಂದರುಗಳನ್ನು ತಲುಪಿದ ಧಾನ್ಯವನ್ನು ಒಳನಾಡಿಗೆ ಸಾಗಿಸಲು ಲಾರಿಗಳ ಕೊರತೆಯಿದ್ದುದರಿಂದ ನಿಧಿಯ ಒಂದು ಭಾಗವನ್ನು ವಾಹನಗಳಿಗೆ ವ್ಯಯಿಸಬೇಕಾಯಿತು. ಬಂಡುಕೋರರ ಪ್ರದೇಶಗಳಿಗೆ ನೆರವು ತಲುಪುತ್ತಿದ್ದುದು ಮುಖ್ಯವಾಗಿ ಸುಡಾನಿನ ಗಡಿಯ ಮೂಲಕ; ವಾಯುದಾಳಿಯ ಭಯದಿಂದ ಲಾರಿಗಳು ರಾತ್ರಿ ಹೊತ್ತಿನಲ್ಲಿ ಸಂಚರಿಸುತ್ತಿದ್ದವು.

ಟೀಕೆಗಳು

ರಾಜಕೀಯ ಕಾರಣಗಳ ಕಡೆಗಣನೆ: ಕ್ಷಾಮವನ್ನು ಕೇವಲ ಪ್ರಕೃತಿಯ ವಿಕೋಪವೆಂಬಂತೆ ಬಿಂಬಿಸಿದ್ದು ಮುಖ್ಯ ಟೀಕೆ. ಡರ್ಗ್ ಸರ್ಕಾರವು ಉತ್ತರದ ಸುಮಾರು ಆರು ಲಕ್ಷ ಜನರನ್ನು ನೈಋತ್ಯ ಭಾಗಕ್ಕೆ ಸ್ಥಳಾಂತರಿಸಿತು. ಅನೇಕರನ್ನು ಬಲವಂತದಿಂದ ಒಯ್ಯಲಾಯಿತು ಮತ್ತು ಬಹಳ ಮಂದಿ ಮೃತಪಟ್ಟರು. ಈ ಕಾರ್ಯಕ್ಕೆ ಪರಿಹಾರದ ಸಾಮಗ್ರಿಯೂ ಬಳಕೆಯಾಗುತ್ತಿದೆಯೆಂದು ಆಕ್ಷೇಪಿಸಿದ ಫ್ರಾನ್ಸಿನ ವೈದ್ಯರ ಸಂಸ್ಥೆ 'ಮೆಡ್ಸಾ ಸಾ ಫ್ರಾಂಟಿಯೇರ್' 1985ರ ಕೊನೆಯಲ್ಲಿ ದೇಶದಿಂದ ಹೊರಹಾಕಲ್ಪಟ್ಟಿತು. ಅನ್ಯಾಯವನ್ನು ಕಂಡು ಮೌನವಾಗಿದ್ದು ನೆರವು ಮುಂದುವರಿಸಬೇಕೆ, ಮಾತನಾಡಿ ನೆರವಿನ ಅವಕಾಶವನ್ನೇ ಕಳೆದುಕೊಳ್ಳಬೇಕೆ ಎಂಬ ಇಕ್ಕಟ್ಟು ಪರಿಹಾರ ಸಂಸ್ಥೆಗಳಿಗೆಲ್ಲ ಎದುರಾಯಿತು.

ಹಣದ ದುರ್ಬಳಕೆಯ ಆರೋಪ: ಪರಿಹಾರದ ಹಣ ಬಂಡುಕೋರರ ಶಸ್ತ್ರಾಸ್ತ್ರಗಳಿಗೆ ಹೋಯಿತೆಂದು 2010ರಲ್ಲಿ ಬಿಬಿಸಿ ವರ್ಲ್ಡ್ ಸರ್ವೀಸ್ ವರದಿ ಮಾಡಿತು. ಬ್ಯಾಂಡ್ ಏಡ್ ಇದನ್ನು ಪ್ರತಿಭಟಿಸಿತು. ಬ್ಯಾಂಡ್ ಏಡ್‌ನ ಹಣವೂ ಹಾಗೆ ಬಳಕೆಯಾಯಿತೆಂಬ ಭಾವನೆ ಮೂಡಿಸಿದ್ದಕ್ಕಾಗಿ ಬಿಬಿಸಿ ಅದೇ ವರ್ಷ ಕ್ಷಮೆ ಕೋರಿತು.

ಆಫ್ರಿಕದ ಚಿತ್ರಣ: ಇಥಿಯೋಪಿಯ ನಾಲ್ಕನೆಯ ಶತಮಾನದಿಂದ ಕ್ರೈಸ್ತಧರ್ಮದ ಪರಂಪರೆಯುಳ್ಳ ನಾಡು. ಅಲ್ಲಿನ ಸಾಂಪ್ರದಾಯಿಕ ಚರ್ಚು ಪ್ರತಿವರ್ಷ ಜನವರಿ 7ರ ಸುಮಾರಿಗೆ 'ಗೆನ್ನ' ಎಂಬ ಹೆಸರಿನಲ್ಲಿ ಕ್ರಿಸ್ತಜಯಂತಿಯನ್ನು ಆಚರಿಸುತ್ತದೆ. ಅಂತಹ ಜನರಿಗೆ ಕ್ರಿಸ್‌ಮಸ್ ಬಂದುದು ತಿಳಿದಿದೆಯೆ ಎಂದು ಕೇಳುವ ಹಾಡಿನ ಶೀರ್ಷಿಕೆಯೇ ಅಜ್ಞಾನದ್ದೆಂದು ವಿಮರ್ಶಕರು ಹೇಳಿದ್ದಾರೆ. ಎಬೋಲ ರೋಗದ ಪರಿಹಾರಕ್ಕಾಗಿ 2014ರಲ್ಲಿ ಕೆಲವು ಸಾಲುಗಳನ್ನು ಬದಲಿಸಿ ಹಾಡನ್ನು ಪುನಃ ಮುದ್ರಿಸಲಾಯಿತು. ಘಾನ ಮೂಲದ ಗಾಯಕ ಫ್ಯೂಸ್ ಒಡಿಜಿ ಅದರಲ್ಲಿ ಭಾಗವಹಿಸಲು ನಿರಾಕರಿಸಿದರು. ಆಗ ಹಾಡಿದ್ದ ಎಡ್ ಶೀರನ್, ತಮ್ಮನ್ನು ಕೇಳಿದ್ದರೆ ತಮ್ಮ ಧ್ವನಿಯ ಮರುಬಳಕೆಗೆ ಒಪ್ಪುತ್ತಿರಲಿಲ್ಲವೆಂದು 2024ರಲ್ಲಿ ತಿಳಿಸಿದರು. ಹಾಡಿನಿಂದ ಬಂದ ಹಣ ಅಸಂಖ್ಯ ಮಕ್ಕಳ ಜೀವ ಉಳಿಸಿದೆಯೆಂಬುದು ಗೆಲ್ಡಾಫ್ ಅವರ ಸಮರ್ಥನೆ.

ಆಫ್ರಿಕದ ಸಂಗೀತಗಾರರ ಪ್ರಯತ್ನಗಳು

ಲೈವ್ ಏಡ್ ವೇದಿಕೆಗಳಲ್ಲಿ ಆಫ್ರಿಕದಲ್ಲಿ ನೆಲೆಸಿದ ಸಂಗೀತಗಾರರಿಗೆ ಸ್ಥಾನ ದೊರೆಯಲಿಲ್ಲವೆಂಬ ಆಕ್ಷೇಪ ಆಗಲೇ ಕೇಳಿಬಂದಿತ್ತು. ಇಥಿಯೋಪಿಯದ ಕಲಾವಿದರಂತೂ ಡರ್ಗ್ ಆಡಳಿತದ ರಾತ್ರಿ ಕರ್ಫ್ಯೂ ಹಾಗೂ ಕಟ್ಟುನಿಟ್ಟಿನ ಪರಿಶೀಲನೆಯ ಅಡಿಯಲ್ಲಿ ಬದುಕುತ್ತಿದ್ದರು. ಆದರೂ ಆಫ್ರಿಕದ ಸಂಗೀತಗಾರರು ಸುಮ್ಮನಿರಲಿಲ್ಲ. ಕ್ಯಾಮರೂನಿನ ಸ್ಯಾಕ್ಸೋಫೋನ್ ವಾದಕ ಮನು ದಿಬಾಂಗೊ ಅದೇ ಕಾಲದಲ್ಲಿ ಆಫ್ರಿಕದ ಹಲವು ಕಲಾವಿದರನ್ನು ಕೂಡಿಸಿ 'ತಾಮ್ ತಾಮ್ ಪೂರ್ ಲೆಥಿಯೋಪಿ' ಎಂಬ ಧ್ವನಿಮುದ್ರಿಕೆಯನ್ನು ಹೊರತಂದರು. 2005ರ ಮಾರ್ಚ್‌ನಲ್ಲಿ ಸೆನೆಗಲ್‌ನ ಯೂಸು ಎನ್'ಡೂರ್ ಮಲೇರಿಯ ನಿರ್ಮೂಲನೆಗಾಗಿ ಡಕಾರ್‌ನಲ್ಲಿ ಸಂಗೀತ ಕಾರ್ಯಕ್ರಮ ನಡೆಸಿದರು, ಅದೂ ಚಲನಚಿತ್ರವಾಯಿತು.

2014ರ 'ಆಫ್ರಿಕ ಸ್ಟಾಪ್ ಎಬೋಲ' ಹಾಡು ಈ ಎರಡು ಬಗೆಯ ಅಭಿಯಾನಗಳ ವ್ಯತ್ಯಾಸವನ್ನು ಸ್ಪಷ್ಟಪಡಿಸುತ್ತದೆ. ಟಿಕೆನ್ ಜಾ ಫಕೋಲಿ, ಸಲೀಫ್ ಕೇಟ, ಊಮು ಸಂಗಾರೆ, ಮೋರಿ ಕಾಂಟೆ, ಅಮಾಡು ಮತ್ತು ಮರಿಯಮ್ ಮೊದಲಾದವರು ಇದನ್ನು ಫ್ರೆಂಚ್ ಹಾಗೂ ಪಶ್ಚಿಮ ಆಫ್ರಿಕದ ದೇಶಭಾಷೆಗಳಲ್ಲಿ ಹಾಡಿದರು. ದೂರದ ದಾನಿಗಳಿಗಿಂತ ಮುಖ್ಯವಾಗಿ ರೋಗದ ಭಯದಲ್ಲಿದ್ದ ಜನರಿಗೇ ಈ ಹಾಡು ಹೇಳುತ್ತಿತ್ತು: ರೋಗಿಗಳನ್ನು ಮುಟ್ಟಬಾರದು, ವೈದ್ಯರನ್ನು ನಂಬಬೇಕು.

ಸಾಕ್ಷ್ಯಚಿತ್ರಗಳು

ಸಂತ್ರಸ್ತರೇ ಸಂಗೀತಗಾರರಾಗಿ ತಮ್ಮ ಕಥೆಯನ್ನು ತಾವೇ ಹೇಳುವ ಚಿತ್ರಗಳೂ ಬಂದಿವೆ. ಸಿಯೆರ ಲಿಯೋನ್‌ನ ಅಂತರ್ಯುದ್ಧದಿಂದ ಪಾರಾಗಿ ಗಿನಿ ದೇಶದ ನಿರಾಶ್ರಿತರ ಶಿಬಿರಗಳಲ್ಲಿ ವಾದ್ಯತಂಡ ಕಟ್ಟಿದವರನ್ನು ಕುರಿತ 'ಸಿಯೆರ ಲಿಯೋನ್ಸ್ ರೆಫ್ಯೂಜಿ ಆಲ್ ಸ್ಟಾರ್ಸ್' (2005), ಬಾಲಸೈನಿಕನಾಗಿದ್ದು ಮುಂದೆ ರ‍್ಯಾಪ್ ಗಾಯಕನಾದ ದಕ್ಷಿಣ ಸುಡಾನಿನ ಇಮ್ಯಾನುಯೆಲ್ ಜಾಲ್ ಅವರನ್ನು ಕುರಿತ 'ವಾರ್ ಚೈಲ್ಡ್' (2008), ಕಾಂಗೊದ ರಾಜಧಾನಿ ಕಿನ್ಶಾಸದ ಬೀದಿಗಳಲ್ಲಿ ಹಾಡುತ್ತಿದ್ದ ಪೋಲಿಯೊಪೀಡಿತ ಕಲಾವಿದರನ್ನು ಕುರಿತ 'ಬೆಂಡ ಬಿಲಿಲಿ!' (2010) ಇವುಗಳಲ್ಲಿ ಮುಖ್ಯವಾದವು.

ಪರಿಣಾಮ

ಲೈವ್ 8ರ ವೇಳೆಗೆ ಅಭಿಯಾನಗಳ ಗುರಿ ಬದಲಾಗಿತ್ತು. ಅಲ್ಲಿ ಹಣ ಸಂಗ್ರಹಕ್ಕೆ ಬದಲಾಗಿ ಬಡ ರಾಷ್ಟ್ರಗಳ ಸಾಲ ಮನ್ನಾ ಮಾಡುವಂತೆ ಶ್ರೀಮಂತ ರಾಷ್ಟ್ರಗಳ ನಾಯಕರನ್ನು ಒತ್ತಾಯಿಸಲಾಯಿತು. ಲಂಡನ್ ವೇದಿಕೆಯಲ್ಲಿ ಆಫ್ರಿಕದ ಕಲಾವಿದರು ಕಡಿಮೆಯೆಂಬ ಟೀಕೆಯ ಬಳಿಕ ಪೀಟರ್ ಗೇಬ್ರಿಯಲ್ ಅವರ ಪ್ರಯತ್ನದಿಂದ ಇಂಗ್ಲೆಂಡಿನ ಕಾರ್ನ್‌ವಾಲ್‌ನಲ್ಲಿ 'ಆಫ್ರಿಕ ಕಾಲಿಂಗ್' ಎಂಬ ಪ್ರತ್ಯೇಕ ಕಾರ್ಯಕ್ರಮವೂ ನಡೆಯಿತು. ದಾನದಿಂದ ನ್ಯಾಯದ ಬೇಡಿಕೆಯ ಕಡೆಗೆ, ಪರರ ಮರುಕದಿಂದ ಸಂತ್ರಸ್ತರ ಸ್ವಂತ ಮಾತಿನ ಕಡೆಗೆ ಈ ಅಭಿಯಾನಗಳು ಸಾಗಿಬಂದಿರುವುದನ್ನು ನಾಲ್ಕು ದಶಕಗಳ ಇತಿಹಾಸದಲ್ಲಿ ಕಾಣಬಹುದು.