ತಮ್ಮನ ಅಂಗಿ ತೊಟ್ಟ ಎರಡು ರೂಪಾಯಿ

ಮೂಡಿಗೆರೆಯ ಸಾಂಬಾರ ಪದಾರ್ಥದ ಅಂಗಡಿಗಳಲ್ಲಿ ಏಲಕ್ಕಿ ತೂಗುವ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇರುತ್ತದೆ. ಅಂಗಡಿಯವರು ಒಪ್ಪಿದರೆ ಅದರ ಮೇಲೆ 1990ರ ದಶಕದ ಒಂದು ರೂಪಾಯಿಯ ಸ್ಟೀಲ್ ನಾಣ್ಯ ಇಟ್ಟು ನೋಡಿ. ಸವೆಯದ ನಾಣ್ಯವಾದರೆ 4.85 ಗ್ರಾಂ ಇರಬೇಕು. ಅದನ್ನು ತೆಗೆದು, 2011ರಲ್ಲಿ ಬಂದ ರೂಪಾಯಿ ಚಿಹ್ನೆಯ ಎರಡು ರೂಪಾಯಿ ಇಡಿ. ಮತ್ತೆ 4.85. ಅಡ್ಡಳತೆ ಎರಡಕ್ಕೂ 25 ಮಿಲಿಮೀಟರ್, ಲೋಹ ಎರಡಕ್ಕೂ ಅಯಸ್ಕಾಂತಕ್ಕೆ ಅಂಟುವ ಫೆರಿಟಿಕ್ ಸ್ಟೀಲು. ಬೆಲೆ ಮಾತ್ರ ದುಪ್ಪಟ್ಟು.

ಇದು ಒಂದು ನಾಣ್ಯದ ಕತೆಯಲ್ಲ. 2011ರ ಒಂದು ರೂಪಾಯಿ 3.79 ಗ್ರಾಂ, 21.93 ಮಿ.ಮೀ.; 1988ರಿಂದ ಬರುತ್ತಿದ್ದ ಸ್ಟೀಲಿನ ಎಂಟಾಣೆಯೂ ಅಷ್ಟೇ ತೂಕ, ಹೆಚ್ಚುಕಮ್ಮಿ ಅಷ್ಟೇ ಅಗಲ. ಹೊಸ ಎಂಟಾಣೆ ಹಳೆಯ ನಾಕಾಣೆಯ 19 ಮಿ.ಮೀ. ಅಗಲಕ್ಕೆ ಇಳಿಯಿತು. ನಾಕಾಣೆ ಮತ್ತು ಅದಕ್ಕಿಂತ ಕಿರಿಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿದಿತ್ತು. ಮನೆಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ ಬರುತ್ತದೆ. ಇಲ್ಲಿ ತಮ್ಮನ ಅಂಗಿಯನ್ನು ಅಣ್ಣ ತೊಟ್ಟ. ನಾಣ್ಯದ ಲೋಹ ಅದರ ಮುಖಬೆಲೆಗಿಂತ ದುಬಾರಿಯಾದರೆ ಕರಗಿಸಿ ಮಾರುವವರು ಹುಟ್ಟಿಕೊಳ್ಳುತ್ತಾರೆ, ಆದ್ದರಿಂದ ಮೈ ಇಳಿಸುವುದು ಟಂಕಸಾಲೆಗೆ ಅನಿವಾರ್ಯ. ಆದರೆ ಹಳೆಯವು ಜೇಬಿನಲ್ಲಿ ಇರುವಾಗಲೇ ಅದೇ ಅಳತೆಯನ್ನು ಇನ್ನೊಂದು ಬೆಲೆಗೆ ಕೊಟ್ಟದ್ದು ನನ್ನ ಮಟ್ಟಿಗೆ ಕೆಟ್ಟ ವಿನ್ಯಾಸ.

ಇದರ ತೊಂದರೆ ಏನೆಂದು ಕಡೂರು, ತರೀಕೆರೆ ಕಡೆಯ ಬಯಲುಸೀಮೆಯಲ್ಲಿ ಕಾಣುವ ಶುದ್ಧ ಕುಡಿಯುವ ನೀರಿನ ಘಟಕದ ಕಾಯಿನ್ ಪೆಟ್ಟಿಗೆಯನ್ನು ನೋಡಿದರೆ ತಿಳಿಯುತ್ತದೆ. ಆ ಯಂತ್ರಕ್ಕೆ ಓದಲು ಬರುವುದಿಲ್ಲ. ಸಿಂಹದ ಮುದ್ರೆಯಾಗಲಿ ಅಂಕಿಯಾಗಲಿ ಅದಕ್ಕೆ ಲೆಕ್ಕಕ್ಕಿಲ್ಲ. ಹಾಕಿದ ನಾಣ್ಯ ಇಳಿಜಾರಿನಲ್ಲಿ ಉರುಳುತ್ತಾ ತಂತಿ ಸುತ್ತಿದ ಸುರುಳಿಗಳ ನಡುವೆ ಹಾದುಹೋಗುತ್ತದೆ. ಸುರುಳಿಯಲ್ಲಿ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್ತು ಹರಿಯುವುದರಿಂದ ಅದರ ಕಾಂತಕ್ಷೇತ್ರವೂ ಏರಿಳಿಯುತ್ತದೆ. ಆ ಏರಿಳಿತ ನಾಣ್ಯದ ಮೈಯೊಳಗೆ ಪುಟ್ಟ ವಿದ್ಯುತ್ ಸುಳಿಗಳನ್ನು ಎಬ್ಬಿಸುತ್ತದೆ, ಸುಳಿಗಳು ಮರಳಿ ಸುರುಳಿಯ ಸಂಕೇತವನ್ನು ಕದಲಿಸುತ್ತವೆ. ಎಷ್ಟು ಕದಲಿತು ಎನ್ನುವುದು ಲೋಹ, ದಪ್ಪ, ಅಗಲ ಈ ಮೂರರ ಮೇಲೆ ನಿಂತಿದೆ. ಸರಳ ಪೆಟ್ಟಿಗೆಗಳಲ್ಲಿ ಒಂದು ಮಾದರಿ ನಾಣ್ಯವನ್ನು ಒಳಗೇ ಸಿಕ್ಕಿಸಿಟ್ಟಿರುತ್ತಾರೆ. ಬಂದದ್ದು ಅದಕ್ಕೆ ಹೊಂದಿದರೆ ನಲ್ಲಿ ತೆರೆಯುತ್ತದೆ. ಮೂರೂ ಹೊಂದುವ ಹಳೆಯ ಒಂದು ರೂಪಾಯಿಯನ್ನು ಎರಡರ ಪೆಟ್ಟಿಗೆ ಯಾವ ನೆಪ ಹೇಳಿ ತಿರಸ್ಕರಿಸಬೇಕು?

ಅಂಚಿನ ಆಕಾರದಲ್ಲೇ ಬೆಲೆ ಹೇಳುವ ವಿದ್ಯೆ ನಮಗೆ ಗೊತ್ತಿಲ್ಲದ್ದೇನಲ್ಲ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯೇ ಪೈಸೆಯಾಯಿತು. ವಿಶಾಲ ಮೈಸೂರು ರಾಜ್ಯಕ್ಕೆ ಆಗಿನ್ನೂ ಐದು ತಿಂಗಳು. ಹೊಸ ನಾಣ್ಯದ ಮೇಲೆ ‘ರೂಪಾಯಿಯ ಇಪ್ಪತ್ತನೇ ಒಂದು ಭಾಗ’ ಎಂಬಂಥ ವಿವರಣೆಯನ್ನು ಹಿಂದಿಯಲ್ಲಿ ಅಚ್ಚೊತ್ತಿದ್ದರು. ಕಳಸದ ತೋಟದಲ್ಲಿ ಬಟವಾಡೆಗೆ ನಿಂತ, ಕನ್ನಡ, ತುಳು, ತಮಿಳು ಆಡುವ ಆಳುಗಳಲ್ಲಿ ಅದನ್ನು ಓದಬಲ್ಲವರು ಎಷ್ಟು ಮಂದಿ? ಓದುವ ಅಗತ್ಯವೂ ಇರಲಿಲ್ಲ. ಒಂದು ಪೈಸೆ ದುಂಡಗಿನ ಕಂಚು, 1.5 ಗ್ರಾಂ. ಎರಡು ಪೈಸೆಗೆ ಹೂವಿನಂಥ ಅಂಚು. ಐದು ಪೈಸೆ ಮೂಲೆ ಮಡಿಸಿದ ಚೌಕ, 4 ಗ್ರಾಂ. ಹತ್ತು ಪೈಸೆಗೆ ಮತ್ತೆ ಹೂವಿನಂಚು, ಆದರೆ 23 ಮಿ.ಮೀ. ಅಗಲ, 5 ಗ್ರಾಂ. ಇಪ್ಪತ್ತೈದು, ಐವತ್ತು ಪೈಸೆಗಳು ದುಂಡಗಿನ ನಿಕ್ಕಲ್ಲು, ಮೊದಲನೆಯದು 2.5 ಗ್ರಾಂ, ಎರಡನೆಯದು ಸರಿಯಾಗಿ ಅದರ ಇಮ್ಮಡಿ. ಆಳುಗಳ ಲೈನುಮನೆಯ ಮಳೆಗಾಲದ ಕತ್ತಲಲ್ಲೂ ಎಣಿಸಬಹುದಾದ ಚಿಲ್ಲರೆ.

ಅಂದಿನ ತಾಪತ್ರಯ ಬೇರೆ. ಹಳೆಯ ಒಂದಾಣೆಗೂ ಹೂವಿನಂಚೇ ಇತ್ತು, ಎರಡಾಣೆಯೂ ಚೌಕವೇ. ಕೆಲವು ವರ್ಷ ಹಳತು ಹೊಸತು ಕೂಡಿಯೇ ಓಡಾಡಿದವು. ಲೆಕ್ಕವೂ ಸಮನಾಗಿ ಮುರಿಯುತ್ತಿರಲಿಲ್ಲ. ಆಣೆಗೆ 6.25 ಪೈಸೆ. ಅರ್ಧ ಅಥವಾ ಕಡಿಮೆ ಉಳಿದರೆ ಬಿಡು, ಹೆಚ್ಚಾದರೆ ಒಂದು ಎಂದು ಹಿಡಿ ಎಂದಿತ್ತು ಕಾಯಿದೆ. ಕಾಲಾಣೆಯ ಮುಕ್ಕಾಸು 1.56 ಆದ್ದರಿಂದ ಎರಡು ಪೈಸೆಯಾಯಿತು. ನಾಲ್ಕು ಮುಕ್ಕಾಸನ್ನು ಒಂದೊಂದಾಗಿ ಕೊಟ್ಟವನಿಗೆ ಎಂಟು ಪೈಸೆಯ ಲೆಕ್ಕ, ಒಟ್ಟಿಗೆ ಕೊಟ್ಟವನಿಗೆ ಆರೇ!

ಅರವತ್ತರ ದಶಕದ ನಡುವಿನಿಂದ ಸಣ್ಣ ನಾಣ್ಯಗಳು ಅಲ್ಯೂಮಿನಿಯಂ ಆದವು. ಐದು ಪೈಸೆ ನಾಲ್ಕು ಗ್ರಾಮಿನಿಂದ ಒಂದೂವರೆಗೆ ಇಳಿಯಿತು, ಚೌಕಾಕಾರ ಮಾತ್ರ ಉಳಿಯಿತು. ಆಕಾರವನ್ನು ಕೈಬಿಡತೊಡಗಿದ್ದು 1988ರ ನಂತರದ ಸ್ಟೀಲ್ ಕಾಲದಲ್ಲಿ, ಹತ್ತು ಪೈಸೆಯೂ ದುಂಡಗಾದಾಗ.

2019ರ ಮಾರ್ಚ್‌ನಲ್ಲಿ ಬಂದ ಸರಣಿಯನ್ನು ದೃಷ್ಟಿಹೀನರಿಗೂ ಸುಲಭವಾಗಲೆಂದು ರೂಪಿಸಿದರು. ಅದರಲ್ಲಿ ಒಂದು ರೂಪಾಯಿ 20 ಮಿ.ಮೀ., ಎರಡು 23, ಐದು 25. ಇಪ್ಪತ್ತು ರೂಪಾಯಿಗೆ ಹನ್ನೆರಡು ಮೂಲೆ, 8.54 ಗ್ರಾಂ. ಬೆರಳಿಗೆ ಇದು ಒಳ್ಳೆಯ ಸುದ್ದಿ. ಆದರೆ ಹಿಂದಿನ ಸ್ಟೀಲ್ ರೂಪಾಯಿಗಳ ಮಾನ್ಯತೆಯನ್ನು ರದ್ದು ಮಾಡಿಲ್ಲ. ಮೂಡಿಗೆರೆ ಸಂತೆಯ ಗಲ್ಲಾಪೆಟ್ಟಿಗೆಯಲ್ಲಿ ಇಂದು ಒಂದು ರೂಪಾಯಿಯ ಸ್ಟೀಲ್ ನಾಣ್ಯವೇ 25, 22, 20 ಮಿ.ಮೀ. ಎಂಬ ಮೂರು ಗಾತ್ರದಲ್ಲಿ ಸಿಗಬಹುದು, ಮೂರೂ ಚಲಾವಣೆಯವೇ.